ಹಿಡಿ ಹಿಟ್ಟಿನ ಡಬ್ಬಿ

ನಾನು ಒಂದು ತಗಡಿನ ಡಬ್ಬಿ. ಎತ್ತರ ಒಂದು ಗೇಣು. ಹೊರಗೆ ಸಾದಾ ಬಿಳಿ ತಗಡು, ಮುಚ್ಚಳ ತೆಗೆದು ಒಳಗೆ ಇಣುಕಿದರೆ ಅರ್ಧಂಬರ್ಧ ತುಂಡಾದ ಕೆಂಪು ಅಕ್ಷರಗಳು. ಹಿಂದಿನ ಜನ್ಮದಲ್ಲಿ ನಾನು ಶೇಂಗಾ ಎಣ್ಣೆಯ ದೊಡ್ಡ ಡಬ್ಬಿಯಾಗಿದ್ದೆ ಎನ್ನಬಹುದಿತ್ತು, ಆದರೆ ನಾನು ಬೆಳೆದ ಮನೆಯಲ್ಲಿ ಹಿಂದಿನ ಜನ್ಮವನ್ನು ಒಪ್ಪುವುದಿಲ್ಲ. ಆದ್ದರಿಂದ ಗದಗಿನ ಪೇಟೆಯಲ್ಲಿ ದಸ್ತಗೀರಸಾಬ ಆ ಎಣ್ಣೆ ಡಬ್ಬಿಯನ್ನು ಕತ್ತರಿಸಿ, ಬಡಿದು, ಬೆಸುಗೆ ಹಾಕಿದ ದಿನವೇ ನಾನು ಹುಟ್ಟಿದೆ ಎಂದು ಇಟ್ಟುಕೊಳ್ಳಿ. ಅವನು ಬುಡಕ್ಕೆ ಎರಡು ಸಲ ಬೆಸುಗೆ ಹಾಕಿದ. ಹಿಟ್ಟು ಇಡುವ ಡಬ್ಬಿಗೆ ಬುಡವೇ ಜೀವ ಎಂದು ಪಕ್ಕದ ಅಂಗಡಿಯವನಿಗೆ ಹೇಳುತ್ತಿದ್ದ. ಅಂದಿನಿಂದಲೇ ನನಗೆ ನನ್ನ ಬುಡದ ಬಗ್ಗೆ ಸ್ವಲ್ಪ ಜಂಬ.

ನನ್ನ ಜೊತೆ ಇನ್ನೂ ಮೂವತ್ತು ಡಬ್ಬಿಗಳು ಹುಟ್ಟಿದವು. ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಚಿಕ್ಕ ಕ್ರೈಸ್ತ ದೇವಾಲಯವಿದೆ. ಅಲ್ಲಿನ ಪಾದ್ರಿ ಅಯ್ಯನವರು ಅಲ್ಲಿ ಕೂಡುವ ಸಭೆಯ ಪ್ರತಿ ಮನೆಗೂ ಒಂದರಂತೆ ನಮ್ಮನ್ನು ಮಾಡಿಸಿದ್ದರು. ಸೀಗೆಪುಡಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಪ್ರಾರ್ಥನೆ ಮಾಡಿ ಹಂಚಿದರು. ನಾನು ಸಾರವ್ವನ ಪಾಲಿಗೆ ಬಂದೆ.

ನಮ್ಮ ಕೆಲಸ ಏನೆಂದರೆ ಇದು. ಆ ಮನೆಗಳಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ. ಹೆಂಗಸರು ರೊಟ್ಟಿಗೆ ಹಿಟ್ಟು ತೆಗೆದುಕೊಂಡಾಗ, ನೀರು ಹಾಕಿ ನಾದುವ ಮೊದಲು, ಅದರಿಂದ ಒಂದು ಹಿಡಿ ಎತ್ತಿ ಡಬ್ಬಿಗೆ ಹಾಕಬೇಕು. ಉಂಡು ಉಳಿದದ್ದಲ್ಲ, ಮೊದಲನೆಯ ಹಿಡಿ. ಭಾನುವಾರ ಡಬ್ಬಿಯನ್ನು ದೇವಾಲಯಕ್ಕೆ ತಂದು, ಬಲಿಪೀಠದ ಮುಂದಿನ ಬಿದಿರಿನ ಬುಟ್ಟಿಗೆ ಸುರಿಯಬೇಕು. ಸೋಮವಾರ ಮುಂಜಾನೆ ಆ ಹಿಟ್ಟು ಇಲ್ಲದವರ ಮನೆಗೆ ಹೋಗುತ್ತದೆ. ಯಾವ ಮನೆಗೆ ಎಂದು ಕೇಳುವ ಪದ್ಧತಿ ಇರಲಿಲ್ಲ.

ಸಾರವ್ವನ ಹಿಡಿ ದೊಡ್ಡದು. ಹಾಕುವಾಗ ತುಟಿ ಅಲ್ಲಾಡಿಸುತ್ತಾ, ಇವತ್ತಿನ ರೊಟ್ಟಿ ಇವತ್ತು ಕೊಟ್ಟೆಯಪ್ಪಾ ತಂದೆ ಎಂದು ಅಷ್ಟೇ ಹೇಳುತ್ತಿದ್ದಳು. ನಾಳಿನದನ್ನು ಕೇಳಿದ್ದನ್ನು ನಾನು ಕೇಳಿಲ್ಲ. ಶನಿವಾರ ಸಂಜೆಯ ಹೊತ್ತಿಗೆ ನಾನು ಕಂಠಮಟ್ಟ ತುಂಬಿರುತ್ತಿದ್ದೆ. ಭಾನುವಾರ ಸಾಲಿನಲ್ಲಿ ಹೋಗುವಾಗ ಸಾರವ್ವನ ಡಬ್ಬಿ ಎಂದರೆ ಭಾರ ಎಂದು ಬೆಂಚಿನ ಮೇಲಿನ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಅದನ್ನು ಕೇಳಿ ನಾನು ಇನ್ನಷ್ಟು ಉಬ್ಬುತ್ತಿದ್ದೆ. ಅರ್ಧ ತುಂಬಿದ ಡಬ್ಬಿಗಳು ಹತ್ತಿರ ಬಂದರೆ ಅವುಗಳ ಕಡೆ ನೋಡುತ್ತಿರಲಿಲ್ಲ.

ಒಂದೇ ಬೇಸರವೆಂದರೆ ಪ್ರತಿ ಭಾನುವಾರ ಬರಿದಾಗುವುದು. ವಾರವಿಡೀ ಕೂಡಿಸಿಕೊಂಡದ್ದು ಒಂದು ಕ್ಷಣದಲ್ಲಿ ಬುಟ್ಟಿಯ ಪಾಲಾಗುತ್ತಿತ್ತು. ಅಯ್ಯನವರು ಒಮ್ಮೆ ಪ್ರಸಂಗದಲ್ಲಿ ಹಳೆಯ ಕಾಲದ ಜನರ ಕಥೆ ಹೇಳಿದರು. ಅರಣ್ಯದಲ್ಲಿ ನಡೆಯುವ ಆ ಜನರಿಗೆ ದೇವರು ದಿನವೂ ಮುಂಜಾನೆ ಆಕಾಶದಿಂದ ರೊಟ್ಟಿ ಸುರಿಸುತ್ತಿದ್ದನಂತೆ. ಆ ಹೊತ್ತಿಗೆ ಬೇಕಾದಷ್ಟು ಆಯ್ದುಕೊಳ್ಳಬೇಕು, ನಾಳೆಗೆಂದು ಬಚ್ಚಿಟ್ಟರೆ ಹುಳು ಬೀಳುತ್ತಿತ್ತಂತೆ. ಹೆಂಗಸರೆಲ್ಲ ತಲೆಯಾಡಿಸಿದರು. ಅವರಿಗೆ ಅದು ಹೊಸ ವಿಷಯವಲ್ಲ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗಲೇ ಒಡೆಯುತ್ತದೆ, ಬಾಯಿಗೆ ಕಹಿ. ಅದು ನನಗೂ ಗೊತ್ತಿತ್ತು. ಆದರೂ ಖಾಲಿಯಾಗಿ ಮನೆಗೆ ಬರುವುದು ನನಗೆ ಸೇರುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಪೂರ್ತಿ ಖಾಲಿಯಾಗಿ ಬರುತ್ತಿರಲಿಲ್ಲ. ಬುಟ್ಟಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದವಳು ಹನ್ನವ್ವ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ದೇವಾಲಯದ ಕಸ ಗುಡಿಸುತ್ತಾ, ರೋಗಿಗಳ ಮನೆಗೆ ಹೋಗಿ ಪ್ರಾರ್ಥನೆ ಮಾಡುತ್ತಾ ಬದುಕಿದವಳು. ಬರಬರುತ್ತಾ ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣದಾಯಿತು. ಆದರೂ ಬುಟ್ಟಿಯ ಕೆಲಸ ಅವಳದೇ. ಒಂದೊಂದೇ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಪ್ರಾರ್ಥನೆ ಮಾಡುತ್ತಾಳೆ ಎಂದು ಜನ ತಿಳಿದಿದ್ದರು, ನಾನೂ ಹಾಗೇ ತಿಳಿದಿದ್ದೆ. ಆಮೇಲೆ ಮುಚ್ಚಳ ತೆಗೆದು, ಅಂಗೈಯಿಂದ ಹಿಟ್ಟಿನ ಮೇಲ್ಭಾಗ ಸವರಿ, ಬುಟ್ಟಿಗೆ ಸುರಿದು, ಕೊನೆಗೆ ಬುಟ್ಟಿಯಿಂದ ಒಂದು ಚಿಟಿಕೆ ಹಿಟ್ಟು ತೆಗೆದು ತಿರುಗಿ ಡಬ್ಬಿಗೆ ಹಾಕುತ್ತಿದ್ದಳು. ಬೇರೆಯವರ ಮನೆಯ ಪಾತ್ರೆಯನ್ನು ಖಾಲಿ ಕಳಿಸಬಾರದಲ್ಲ, ಅದಕ್ಕೆ.

ಸಾರವ್ವನ ಜೊತೆ ನಾನು ಮೂವತ್ತು ವರ್ಷ ಇದ್ದೆ. ನಡುವೆ ಒಮ್ಮೆ ಮೂರು ತಿಂಗಳಿನ ಒಂದು ವಿಷಯವಿದೆ. ಅದು ಹೇಳುವಂಥದ್ದಲ್ಲ, ಬಿಡಿ.

ಸಾರವ್ವ ತೀರಿಕೊಳ್ಳುವ ಮೊದಲು ಸೊಸೆ ಕೃಪಾವತಿಯನ್ನು ಕರೆದು ನನ್ನನ್ನು ಅವಳ ಮಡಿಲಿಗೆ ಇಟ್ಟಳು. ಕೃಪಾವತಿ ಕಣ್ಣೀರು ಒರೆಸಿಕೊಂಡು, ಈ ಡಬ್ಬಿ ಒಂದು ವಾರವೂ ಹಗುರಾಗಲು ಬಿಡುವುದಿಲ್ಲ ಅತ್ತೆ ಎಂದು ಮಾತು ಕೊಟ್ಟಳು. ಮುದುಕಿ ಏನೋ ಹೇಳಲು ಹೋದಳು, ಉಸಿರು ಸಾಲಲಿಲ್ಲ. ಆ ಮಾತು ಏನಾಗಿತ್ತೆಂದು ನನಗೆ ಗೊತ್ತಾಗುವ ಹೊತ್ತಿಗೆ ಆ ಮನೆ ಬಹಳ ಕಷ್ಟ ಕಂಡಿತ್ತು.

ಕೃಪಾವತಿ ಒಳ್ಳೆಯವಳು, ಮೈಮುರಿದು ದುಡಿಯುವವಳು. ಗಂಡ ಸಮಾಧಾನಪ್ಪ ನೆಲದ ಕುಣಿಯಲ್ಲಿ ಕಾಲಿಳಿಸಿ ತುಳಿಯುವ ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯುತ್ತಿದ್ದ, ಅವಳು ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಒಬ್ಬಳೇ ಮಗಳು, ಎಸ್ತೇರ. ಆಗ ಅವಳಿಗೆ ಆರು ವರ್ಷ. ಸಂಜೆ ಮೂವರೂ ಚಾಪೆಯ ಮೇಲೆ ಕುಳಿತು ಕೀರ್ತನೆ ಹಾಡುವಾಗ ನಾನು ಒಲೆಯ ಮೇಲಿನ ಹಲಗೆಯಿಂದ ನೋಡುತ್ತಿದ್ದೆ. ಹಿಟ್ಟಿನ ಹರವಿ ನನ್ನ ಕೆಳಗೇ ಇತ್ತು. ಹರವಿ ಎಂದರೆ ಮನೆಮಂದಿಯ ಹಿಟ್ಟು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ.

ಒಂದು ಬೇಸಿಗೆಯಲ್ಲಿ, ನೂಲಿನ ಗಂಟು ಇಳಿಸುವಾಗ ಚಕ್ಕಡಿಯ ಗಾಲಿ ಸಮಾಧಾನಪ್ಪನ ಬಲಪಾದದ ಮೇಲೆ ಹರಿಯಿತು. ಎಲುಬು ಮುರಿಯಿತು. ಕುಣಿಮಗ್ಗಕ್ಕೆ ಕೈ ಎಷ್ಟು ಬೇಕೋ ಕಾಲೂ ಅಷ್ಟೇ ಬೇಕು. ತುಳಿಯುವ ಕಾಲೇ ಇಲ್ಲವೆಂದ ಮೇಲೆ ಮಗ್ಗ ನಿಂತಿತು. ನಾಲ್ಕು ತಿಂಗಳು ಕಾಲು ಊರುವ ಹಾಗಿಲ್ಲ ಎಂದರು ಆಸ್ಪತ್ರೆಯವರು.

ಸಭೆಯವರು ನೋಡಲು ಬಂದರು, ಪ್ರಾರ್ಥನೆ ಮಾಡಿದರು, ಮನೆ ಹೇಗೆ ನಡೆಯುತ್ತಿದೆ ಎಂದು ಕೇಳಿದರು. ತಮ್ಮ ಹುಬ್ಬಳ್ಳಿಯಿಂದ ಜೋಳ ಕಳಿಸುತ್ತಾನೆ, ಏನೂ ಕೊರತೆ ಇಲ್ಲ ಎಂದಳು ಕೃಪಾವತಿ. ತಮ್ಮ ಹುಬ್ಬಳ್ಳಿಯಲ್ಲಿ ಇದ್ದದ್ದು ನಿಜ. ಜೋಳ ಬಂದದ್ದನ್ನು ಮಾತ್ರ ನಾನು ನೋಡಲಿಲ್ಲ.

ಹರವಿಯಲ್ಲಿ ಹಿಟ್ಟು ಇಳಿಯುತ್ತಾ ಬಂತು. ಹಲಗೆಯ ಮೇಲಿಂದ ನನಗೆ ಅದು ದಿನವೂ ಕಾಣುತ್ತಿತ್ತು. ನನ್ನ ಹಿಡಿ ಮಾತ್ರ ಇಳಿಯಲಿಲ್ಲ. ಎರಡು ಹೊತ್ತಿನ ಅಡುಗೆ ಒಂದು ಹೊತ್ತಿಗೆ ಬಂದಾಗ, ತಪ್ಪಿದ ಹೊತ್ತಿನ ಹಿಡಿಯನ್ನೂ ಕೃಪಾವತಿ ಲೆಕ್ಕ ಇಟ್ಟು ನನಗೆ ಹಾಕಿದಳು. ತನ್ನ ಪಾಲಿನ ರೊಟ್ಟಿಯನ್ನು ಬಿಟ್ಟಳು. ಸೊಪ್ಪು ಬೇಯಿಸಿ ನೀರು ಕುಡಿದು ಮಲಗಿದಳು. ಇದನ್ನು ಹೇಳಲು ಈಗ ನನಗೆ ನಾಚಿಕೆಯಾಗುತ್ತದೆ, ಆದರೆ ಆಗ ಖುಷಿಯೇ ಆಗಿತ್ತು. ಇಂಥ ಕಷ್ಟದಲ್ಲೂ ನಾನು ಕಂಠಮಟ್ಟ ತುಂಬಿ ಹೋಗುತ್ತೇನಲ್ಲ ಎಂದು ಹೆಮ್ಮೆಪಟ್ಟೆ. ಅವಳ ಬಿಗುಮಾನವೂ ನನ್ನ ಬಿಗುಮಾನವೂ ಒಂದೇ ಹಲಗೆಯ ಮೇಲೆ ಕುಳಿತಿದ್ದವು.

ಒಂದು ಶನಿವಾರ ಸಂಜೆ ಎಸ್ತೇರ ಒಲೆಯ ಮುಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಆವತ್ತು ಒಲೆ ಹೊತ್ತಿರಲಿಲ್ಲ, ನನಗೆ ಬರಬೇಕಾದ ಹಿಡಿ ಮಾತ್ರ ಆಗಲೇ ಬಿದ್ದಿತ್ತು.

"ಯವ್ವಾ," ಎಂದಳು, "ದೇವ್ರಿಗೆ ಭಾಳ ಹಸಿವು ಆಗತೈತೇನು?"

ಕೃಪಾವತಿ ಬಿಂದಿಗೆ ಎತ್ತಿಕೊಂಡು ನೀರಿಗೆ ಹೋದಳು. ಅವಳು ಹೋದ ಮೇಲೆ ಹುಡುಗಿ ಮಣೆಯ ಮೇಲೆ ಮಣೆ ಇಟ್ಟು ಹತ್ತಿ, ನನ್ನ ಮುಚ್ಚಳ ತೆಗೆದಳು. ಬೆರಳು ಬಾಯಲ್ಲಿ ಒದ್ದೆ ಮಾಡಿಕೊಂಡು ಹಿಟ್ಟಿನಲ್ಲಿ ಅದ್ದಿ ಚೀಪಿದಳು. ಹಸಿ ಹಿಟ್ಟು. ಮತ್ತೆ ಅದ್ದಿದಳು. ಐದಾರು ಸಲ ಹೀಗೆ ಮಾಡಿ, ಮುಚ್ಚಳ ಹಾಕಿ, ಮಣೆಗಳನ್ನು ಇದ್ದಲ್ಲೇ ಇಟ್ಟು, ಮೂಲೆಯಲ್ಲಿ ಹೋಗಿ ಕುಳಿತಳು. ನನ್ನ ಆಯುಷ್ಯದಲ್ಲಿ ಮೊದಲ ಸಲ ನನ್ನ ತುಂಬಿದ ಹೊಟ್ಟೆ ನನಗೇ ಬೇಡವೆನಿಸಿತು.

ಮರುದಿನ ಭಾನುವಾರ, ಕರ್ತನ ಭೋಜನವಿತ್ತು. ತಿಂಗಳಿಗೊಮ್ಮೆ, ಎಲ್ಲರೂ ಬಲಿಪೀಠದ ಮುಂದೆ ಮೊಣಕಾಲೂರಿ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಅದಕ್ಕೂ ಮೊದಲು ಕಾಣಿಕೆಯ ಹಾಡು ಶುರುವಾಯಿತು, ಡಬ್ಬಿಗಳ ಸಾಲು ಎದ್ದಿತು. ಕೃಪಾವತಿ ಸೀರೆಯನ್ನು ನೀಟಾಗಿ ಉಟ್ಟು, ನನ್ನನ್ನು ಎದೆಗೆ ಒತ್ತಿಕೊಂಡು ನಡೆದಳು. ಹನ್ನವ್ವ ನನ್ನನ್ನು ಎತ್ತಿ ಹಿಡಿದಳು, ಒಂದು ಗಳಿಗೆ ಸುಮ್ಮನಿದ್ದಳು. ಮುಚ್ಚಳ ತೆಗೆದು ಅಂಗೈಯಿಂದ ಹಿಟ್ಟು ಸವರಲು ಹೋದವಳು ಕೈ ನಿಲ್ಲಿಸಿದಳು.

ಹಿಟ್ಟಿನ ಮೇಲೆ ಐದಾರು ಚಿಕ್ಕ ಕುಳಿಗಳಿದ್ದವು. ಹನ್ನವ್ವ ತನ್ನ ಬೆರಳನ್ನು ಒಂದರಲ್ಲಿ ಇಟ್ಟು ನೋಡಿದಳು. ಕುಳಿ ಅವಳ ಬೆರಳಿಗಿಂತ ಸಣ್ಣದಿತ್ತು. ಇನ್ನೊಂದರಲ್ಲಿ ಇಟ್ಟಳು. ಅಂಚು ಒದ್ದೆಯಾಗಿ ಒಣಗಿ ಗಟ್ಟಿಯಾಗಿತ್ತು. ಅವಳು ನನ್ನನ್ನು ಸುರಿಯಲಿಲ್ಲ. ಮುಚ್ಚಳ ಗಟ್ಟಿಯಾಗಿ ಒತ್ತಿ, ಹಾಗೇ ಕೃಪಾವತಿಯ ಕೈಗೆ ತಿರುಗಿ ಕೊಟ್ಟಳು.

"ಇದನ್ನ ಮನೀಗೆ ಒಯ್ಯವಾ," ಎಂದಳು.

ಹಾಡು ನಡೆಯುತ್ತಲೇ ಇತ್ತು, ಆದರೆ ಮುಂದಿನ ಬೆಂಚಿನವರ ದನಿ ತಗ್ಗಿತು. ಕಾಣಿಕೆಯನ್ನು ತಿರುಗಿ ಕೊಟ್ಟದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಕೃಪಾವತಿ ತನ್ನ ಜಾಗಕ್ಕೆ ಬಂದು ನನ್ನನ್ನು ಕಾಲಬುಡದಲ್ಲಿ ಇಟ್ಟಳು. ಕರ್ತನ ಭೋಜನಕ್ಕೆ ಎಲ್ಲರೂ ಎದ್ದು ಹೋದರು, ಅವಳು ಏಳಲಿಲ್ಲ. ಸಮಾಧಾನಪ್ಪ ಮನೆಯಲ್ಲಿ ಹಾಸಿಗೆ ಹಿಡಿದಿದ್ದ, ಎಸ್ತೇರ ಇನ್ನೂ ಚಿಕ್ಕವಳು. ಬೆಂಚಿನ ಕೆಳಗಿಂದ ನಾನು ಮೊಣಕಾಲೂರಿದವರನ್ನು ನೋಡಿದೆ. ಎಲ್ಲರೂ ಎಡಗೈಯ ಮೇಲೆ ಬಲಗೈ ಇಟ್ಟು, ಅಂಗೈ ತೆರೆದು ಚಾಚಿದ್ದರು. ಆ ಅಂಗೈಗಳಲ್ಲಿ ಏನೂ ಇರಲಿಲ್ಲ. ಮಗ್ಗದ ಮಾಲೀಕನೂ ಹಾಗೇ ಚಾಚಿದ್ದ, ಅವನ ಕೂಲಿಯವನೂ ಹಾಗೇ ಚಾಚಿದ್ದ. ಎಷ್ಟೋ ವರ್ಷದಿಂದ ನೋಡಿದ್ದರೂ ಅದನ್ನು ನಾನು ನೋಡಿದ್ದು ಆವತ್ತೇ.

ಮನೆಗೆ ಬಂದ ಕೃಪಾವತಿ ನನ್ನನ್ನು ಹಲಗೆಯ ಮೇಲೆ ಕುಕ್ಕಿದಳು. ದೇವರು ತನ್ನ ಮನೆಯ ಹಿಟ್ಟು ಬೇಡವೆಂದ ಎಂದು ಗಂಡನ ಮುಂದೆ ಅತ್ತಳು. ಆ ಹಿಟ್ಟಿನಿಂದ ರೊಟ್ಟಿ ಬಡಿಯಲೂ ಅವಳಿಗೆ ಮನಸ್ಸಾಗಲಿಲ್ಲ, ದೇವರಿಗೆಂದು ಎತ್ತಿದ್ದನ್ನು ಮುಟ್ಟುವುದು ಹೇಗೆ? ನಾನು ತುಂಬಿಕೊಂಡೇ ಕುಳಿತೆ, ಆ ಮೂವರು ಗಂಜಿ ಕುಡಿದು ಮಲಗಿದರು.

ಸೋಮವಾರ ಮುಂಜಾನೆ ಹನ್ನವ್ವ ಕೋಲೂರಿಕೊಂಡು ಬಂದಳು. ಹೊಸ್ತಿಲಲ್ಲಿ ಕುಳಿತು ನೀರು ಕೇಳಿದಳು, ಕುಡಿದಳು. ಆಮೇಲೆ ನನ್ನನ್ನು ಕೆಳಗೆ ಇಳಿಸಲು ಹೇಳಿ, ಮುಚ್ಚಳ ತೆಗೆದು, ಕೃಪಾವತಿಯ ಬೆರಳನ್ನು ಹಿಡಿದು ಆ ಕುಳಿಗಳ ಮೇಲೆ ಇಟ್ಟಳು. ಕೃಪಾವತಿ ನೋಡಿದಳು. ಮೂಲೆಯಲ್ಲಿ ಎಸ್ತೇರ ತಲೆ ತಗ್ಗಿಸಿದಳು. ಯಾರೂ ಬಯ್ಯಲಿಲ್ಲ. ಕೃಪಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಳಿತಳು.

"ನಾ ಡಬ್ಬಿ ಎತ್ತಿ ಹಿಡಿಯೋದು ಯಾರು ಎಷ್ಟು ಕೊಟ್ಟಾರ ಅಂತ ನೋಡಾಕಲ್ಲ ಕೃಪವ್ವಾ," ಎಂದಳು ಹನ್ನವ್ವ. "ಯಾರ ಮನ್ಯಾಗ ಇಲ್ಲ ಅಂತ ತಿಳಿಯಾಕ. ಹಗುರ ಡಬ್ಬಿ ಬಂದ್ರ ಸೋಮವಾರ ಅಲ್ಲಿಗೇ ಹೋಗತೀನಿ. ಎರಡು ತಿಂಗಳಾತು, ನಿನ್ನ ಡಬ್ಬಿ ನನಗ ಸುಳ್ಳು ಹೇಳಾಕತ್ತೈತಿ."

ನನ್ನ ಬೆಸುಗೆಯೆಲ್ಲ ಬಿಟ್ಟುಹೋದ ಹಾಗಾಯಿತು. ಇಷ್ಟು ವರ್ಷ ಆ ಒಂದು ಗಳಿಗೆಯ ಮೌನವನ್ನು ಪ್ರಾರ್ಥನೆ ಎಂದುಕೊಂಡಿದ್ದೆನಲ್ಲ, ಅದು ತೂಗುವುದಾಗಿತ್ತು. ಅಥವಾ ತೂಗುವುದೇ ಆಕೆಯ ಪ್ರಾರ್ಥನೆಯಾಗಿತ್ತು. ನಾನು ಕೀಳಾಗಿ ಕಂಡ ಅರ್ಧ ಡಬ್ಬಿಗಳು ತಮ್ಮ ಮನೆಯ ಮಾತನ್ನು ಮುಟ್ಟಿಸಿ ಬರುತ್ತಿದ್ದವು. ನಾನು ಮಾತ್ರ ಹೊಟ್ಟೆ ತುಂಬಿಸಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

ಕೃಪಾವತಿ ಅತ್ತೆಯ ಹೆಸರು ತೆಗೆದಳು. ಸಾರವ್ವನ ಡಬ್ಬಿ ಹಗುರಾಗಿ ಹೋದರೆ ಜನ ಏನಂದಾರು, ಅವರಿಗೆ ಮಾತು ಕೊಟ್ಟಿದ್ದೇನೆ ಎಂದಳು.

"ನೂಲು ಬರದ ವರ್ಷ," ಎಂದಳು ಹನ್ನವ್ವ, "ನಿಮ್ಮತ್ತಿ ಮೂರು ತಿಂಗಳು ಇದೇ ಡಬ್ಬಿ ಖಾಲಿ ತಂದ್ಲು. ಒಂದು ವಾರನೂ ಸಾಲು ತಪ್ಪಿಸಲಿಲ್ಲ. ಎಲ್ಲಾರ ಮುಂದ ನಡದು ಬಂದು ನನ್ನ ಕೈಯಾಗ ಇಟ್ಲು. ನಿನ್ನ ಗಂಡ ಆಗ ತೊಡಿ ಮ್ಯಾಗಿನ ಕೂಸು. ಸೋಮವಾರದ ಹಿಟ್ಟಿನ್ಯಾಗ ಬೆಳದಾನ."

ಇದನ್ನು ನಾನು ನಿಮಗೆ ಮೊದಲೇ ಹೇಳಬೇಕಿತ್ತು. ಬೇಕೆಂದೇ ಮುಚ್ಚಿಟ್ಟೆ. ಆ ಮೂರು ತಿಂಗಳು ನನ್ನ ಬದುಕಿನ ಅವಮಾನವೆಂದು ತಿಳಿದು ಮರೆಯಲು ನೋಡಿದೆ. ಸಾರವ್ವ ಸಾಯುವಾಗ ಸೊಸೆಗೆ ಹೇಳಲು ಹೋದದ್ದೂ ಅದನ್ನೇ ಎಂದು ನನಗೆ ಈಗ ಅನುಮಾನವಿಲ್ಲ.

ಹೊರಡುವ ಮೊದಲು ಹನ್ನವ್ವ ಇನ್ನೊಂದು ಮಾತು ಹೇಳಿದಳು. ಸತ್ಯವೇದದಲ್ಲಿ ಬರುವ, ಬರಗಾಲದಲ್ಲಿ ತನ್ನ ಕೊನೆಯ ಹಿಡಿ ಹಿಟ್ಟಿನಿಂದ ಪ್ರವಾದಿಗೆ ರೊಟ್ಟಿ ಕೊಟ್ಟ ವಿಧವೆಯ ಮಡಿಕೆಯ ಕಥೆ ಎಲ್ಲರಿಗೂ ಗೊತ್ತು, ಅವಳ ಮನೆಯ ಹಿಟ್ಟು ತೀರಲೇ ಇಲ್ಲ.

"ಆ ಮಡಿಕಿ ತುಂಬಿತ್ತು ಅಂತ ಎಲ್ಲೀನೂ ಹೇಳಿಲ್ಲವಾ," ಎಂದಳು. "ತೀರಲಿಲ್ಲ ಅಂತ ಅಷ್ಟ ಐತಿ. ಆಕಿ ದಿನಾ ಮುಂಜಾನೆ ಬುಡಾನ ಕಂಡಾಳ."

ಆಮೇಲೆ ನನ್ನೊಳಗಿನ ಹಿಟ್ಟನ್ನೆಲ್ಲ ತಾನೇ ಪರಾತಕ್ಕೆ ಸುರಿದು, ಒಲೆ ಹೊತ್ತಿಸು ಎಂದಳು. ಆ ಮನೆಯಲ್ಲಿ ಎಷ್ಟೋ ದಿನದ ಮೇಲೆ ರೊಟ್ಟಿ ಬಡಿಯುವ ಸದ್ದು ಕೇಳಿತು. ಎಸ್ತೇರ ಎರಡು ರೊಟ್ಟಿ ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋದಳು.

ಮುಂದಿನ ಭಾನುವಾರದ ಹಾದಿಯನ್ನು ನಾನು ಮರೆಯುವುದಿಲ್ಲ. ಕೃಪಾವತಿ ನನ್ನನ್ನು ಖಾಲಿ ಎತ್ತಿಕೊಂಡು ಸಾಲಿನಲ್ಲಿ ನಿಂತಳು. ಅವಳ ಕೈ ಬೆವರಿತ್ತು. ಎರಡು ಸಲ ಹಿಂದಕ್ಕೆ ತಿರುಗಿ ನೋಡಿದಳು, ಬಾಗಿಲು ತೆರೆದೇ ಇತ್ತು, ಹೋಗಲಿಲ್ಲ. ಹನ್ನವ್ವ ನನ್ನನ್ನು ಎತ್ತಿದಳು. ಮುಚ್ಚಳ ತೆಗೆದು, ಅಂಗೈಯನ್ನು ಒಳಗೆ ಬುಡದವರೆಗೂ ಇಳಿಸಿ ಸವರಿದಳು. ಎಲ್ಲ ಡಬ್ಬಿಗಳನ್ನು ಬಗ್ಗಿಸುವ ಹಾಗೆಯೇ ನನ್ನನ್ನೂ ಬುಟ್ಟಿಯ ಮೇಲೆ ಬಗ್ಗಿಸಿದಳು. ಏನೂ ಬೀಳಲಿಲ್ಲ. ಮುಂದಿನ ಬೆಂಚಿನವರೆಲ್ಲ ನೋಡಿದರು. ಆಕೆ ಒಂದು ಚಿಟಿಕೆ ಹಿಟ್ಟು ಹಾಕಿ ನನ್ನನ್ನು ತಿರುಗಿ ಕೊಟ್ಟು, "ಮುಟ್ಟಿತವಾ," ಎಂದಳು.

ಆ ದಿನ ನಾನು ಹಗುರಾಗಿದ್ದೆ. ಹಗುರಾಗಿರುವುದು ಇಷ್ಟು ಚೆನ್ನ ಎಂದು ನನಗೆ ಯಾರೂ ಹೇಳಿರಲಿಲ್ಲ.

ಸೋಮವಾರ ಹಿಟ್ಟು ಬಂತು. ಸಮಾಧಾನಪ್ಪ ಎದ್ದು ಮಗ್ಗದ ಕುಣಿಗೆ ಕಾಲಿಳಿಸುವವರೆಗೂ ವಾರ ತಪ್ಪದೆ ಬಂತು. ಒಮ್ಮೆಯೂ ಹರವಿ ತುಂಬುವಷ್ಟು ಬರಲಿಲ್ಲ, ಒಮ್ಮೆಯೂ ಶನಿವಾರಕ್ಕೆ ಮೊದಲು ಮುಗಿಯಲಿಲ್ಲ. ಆ ಹಿಟ್ಟಿನಿಂದ ರೊಟ್ಟಿ ಬಡಿಯುವಾಗಲೂ ಕೃಪಾವತಿ ಮೊದಲು ಒಂದು ಹಿಡಿ ನನಗೆ ಹಾಕತೊಡಗಿದಳು. ಚಿಕ್ಕ ಹಿಡಿ, ಇದ್ದಷ್ಟಕ್ಕೆ ತಕ್ಕ ಹಿಡಿ. ಮುಂದಿನ ಕರ್ತನ ಭೋಜನಕ್ಕೆ ಅವಳು ಎದ್ದು ಹೋಗಿ, ಎಲ್ಲರ ನಡುವೆ ಮೊಣಕಾಲೂರಿ, ಖಾಲಿ ಅಂಗೈ ಚಾಚಿದಳು.

ವರ್ಷಗಳು ಕಳೆದವು. ಹನ್ನವ್ವ ಒಂದು ಚಳಿಗಾಲದಲ್ಲಿ ಪ್ರಭುವಿನಲ್ಲಿ ನಿದ್ರೆ ಹೋದಳು. ಅವಳ ಮಣೆಯ ಮೇಲೆ ಯಾರು ಕೂರಬೇಕೆಂದು ಅಯ್ಯನವರು ಕೇಳಿದಾಗ, ಸಭೆಯ ಹೆಂಗಸರು ಕೃಪಾವತಿಯ ಕಡೆ ನೋಡಿದರು. ಅವಳಿಗೆ ಕಣ್ಣು ಚೆನ್ನಾಗಿಯೇ ಇತ್ತು. ಆದರೂ ಡಬ್ಬಿ ಎತ್ತಿ ಹಿಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ನನಗೂ ವಯಸ್ಸಾಯಿತು. ಜಂಬಪಟ್ಟಿದ್ದ ಬುಡಕ್ಕೇ ಮೊದಲು ತುಕ್ಕು ಹಿಡಿಯಿತು, ಆಮೇಲೆ ತೂತು ಬಿತ್ತು. ಎಸ್ತೇರ ದೊಡ್ಡವಳಾಗಿ, ಮದುವೆಯಾಗಿ, ಅದೇ ಓಣಿಯಲ್ಲಿ ಮನೆ ಮಾಡಿದಳು, ನಾನೂ ಅವಳ ಜೊತೆ ಹೋದೆ. ಹೊಳೆಯುವ ಸ್ಟೀಲ್ ಡಬ್ಬಿ ತಂದಳು. ಈಗ ಅನೇಕರ ಮನೆಯಲ್ಲಿ ರೊಟ್ಟಿ ದಿನವೂ ಇಲ್ಲ, ಕೆಲವರು ಅಕ್ಕಿ ತರುತ್ತಾರೆ, ಕೆಲವರು ಪ್ಲಾಸ್ಟಿಕ್ ಚೀಲದಲ್ಲಿ ಗೋಧಿ ಹಿಟ್ಟು. ನನ್ನನ್ನು ಗುಜರಿಯವನಿಗೆ ಕೊಡೋಣವೆಂದು ಎಸ್ತೇರ ಅಂಗಳಕ್ಕೆ ತಂದಿದ್ದಳು. ಕೊಡುವ ಮೊದಲು ಅಭ್ಯಾಸಬಲದಿಂದ ಒಳಗೆ ಬೆರಳಾಡಿಸಿದಳು. ಚಿಕ್ಕಂದಿನ ಆ ಹಸಿವು ನೆನಪಾಗಿ ಅಲ್ಲೇ ನಿಂತಳು. ಗುಜರಿಯವನು ಬರಿಗೈಯಲ್ಲಿ ಹೋದ.

ಅವಳು ನನ್ನನ್ನು ತಾಯಿಯ ಬಳಿ ತಂದಳು. ಕೃಪಾವತಿ ನನಗೊಂದು ಕೆಲಸ ಹುಡುಕಿದಳು. ತರಲು ಏನೂ ಇಲ್ಲದವರು ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತುಬಿಡುತ್ತಿದ್ದರು, ಸಾಲಿಗೆ ಏಳುತ್ತಿರಲಿಲ್ಲ. ಈಗ ನಾನು ದೇವಾಲಯದ ಬಾಗಿಲ ಪಕ್ಕದ ಗೂಡಿನಲ್ಲಿ ಇರುತ್ತೇನೆ. ಏನೂ ಇಲ್ಲದವರು ನನ್ನನ್ನು ಎತ್ತಿಕೊಂಡು ಸಾಲಿನಲ್ಲಿ ಬರಬಹುದು. ಖಾಲಿ ಡಬ್ಬಿಗೂ ಅಲ್ಲಿ ಜಾಗವಿದೆ.

ಮೊದಮೊದಲು ಯಾರೂ ಮುಟ್ಟಲಿಲ್ಲ. ಆಮೇಲೆ ಎತ್ತಿಕೊಂಡವರನ್ನು ನೋಡಿ ನನಗೇ ಆಶ್ಚರ್ಯವಾಯಿತು. ಹಿಟ್ಟು ಇಲ್ಲದವರು ಬಂದರು, ನಿಜ. ಆದರೆ ಮನೆ ತುಂಬ ಅಕ್ಕಿ ಚೀಲ ಇದ್ದವರೂ ಬಂದರು. ಮಗುವನ್ನು ಮಣ್ಣು ಮಾಡಿ ಬಂದವಳೊಬ್ಬಳು ನನ್ನನ್ನು ಹಿಡಿದಳು. ಎರಡು ವರ್ಷದಿಂದ ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ ಎಂದು ಅಯ್ಯನವರೇ ಒಂದು ಸಲ ನನ್ನನ್ನು ಹೊತ್ತು ಸಾಲಿನ ಕೊನೆಗೆ ನಿಂತರು. ಅಂಥವರ ಮನೆಗೆ ಸೋಮವಾರ ಕೃಪಾವತಿ ಹಿಟ್ಟು ಒಯ್ಯುವುದಿಲ್ಲ. ಸುಮ್ಮನೆ ಹೋಗಿ ಹೊಸ್ತಿಲಲ್ಲಿ ಕುಳಿತು ನೀರು ಕೇಳುತ್ತಾಳೆ. ಎಷ್ಟೋ ಹೊತ್ತು ಕುಳಿತು, ಅವರು ಅಡುಗೆಗೆ ಏಳುವವರೆಗೂ ಇದ್ದು ಬರುತ್ತಾಳೆ.

ಒಂದು ಮಾತ್ರ ಬದಲಾಗಿಲ್ಲ. ಪಾತ್ರೆಯನ್ನು ಖಾಲಿ ಕಳಿಸಬಾರದಲ್ಲ, ಕೃಪಾವತಿ ಈಗಲೂ ನನ್ನಲ್ಲಿ ಒಂದು ಚಿಟಿಕೆ ಹಿಟ್ಟು ಹಾಕುತ್ತಾಳೆ. ಬುಡ ತೂತು ಎಂದು ಅವಳಿಗೆ ಗೊತ್ತು. ನನ್ನನ್ನು ಬಾಗಿಲ ಗೂಡಿಗೆ ತಿರುಗಿ ಒಯ್ಯುವಷ್ಟರಲ್ಲಿ ಆ ಹಿಟ್ಟು ಮೆಟ್ಟಿಲ ಮೇಲೆ ಉದುರಿರುತ್ತದೆ. ಭಾನುವಾರ ಯಾವುದೆಂದು ಗುಬ್ಬಿಗಳಿಗೆ ಯಾರು ಹೇಳಿದರೋ, ಕಾಣಿಕೆಯ ಹಾಡು ಮುಗಿಯುವ ಹೊತ್ತಿಗೆ ಬಂದು ಕಾದಿರುತ್ತವೆ.

ಹೋದ ಭಾನುವಾರವೂ ಒಬ್ಬರು ನನ್ನನ್ನು ಎತ್ತಿಕೊಂಡರು. ಯಾರೆಂದು ಹೇಳುವುದಿಲ್ಲ. ಅವರ ಕೈ ಬೆವರಿತ್ತು, ಎರಡು ಸಲ ಹಿಂದಕ್ಕೆ ತಿರುಗಿ ಬಾಗಿಲ ಕಡೆ ನೋಡಿದರು. ಹೋಗಲಿಲ್ಲ. ಕೃಪಾವತಿ ಕಣ್ಣು ಮುಚ್ಚಿ ನನ್ನನ್ನು ಎತ್ತಿ ಹಿಡಿದು, ಒಂದು ಗಳಿಗೆ ಸುಮ್ಮನಿದ್ದು, "ಮುಟ್ಟಿತು," ಎಂದಳು.